ಕೆಮ್ಮಣ್ಣಿನ ಗೆರೆಗೆ ನಿಲ್ಲದ ಗಾಯ

ಕಳೆದ ವಾರ ಕುರುಗೋಡಿನ ಸಾಲಿಯ ಪಡಸಾಲೆಯಲ್ಲಿ ರಕ್ತ ಪರೀಕ್ಷೆಯ ಶಿಬಿರ ಇತ್ತು. ಬೆಳಿಗ್ಗೆ ನಾಲ್ಕು ಹನಿ ಮಳೆ ಬಿದ್ದು ಹೋಗಿತ್ತು, ಬಂಡೆಗಳಿಂದ ಹಬೆ ಏಳುತ್ತಿತ್ತು. ಎದುರು ಮನೆಯ ಹೆಣ್ಣುಮಗಳೊಬ್ಬಳು ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲಸಿ ಕಟ್ಟೆಯ ಅಂಚಿಗೆ ಬಳಿಯುತ್ತ ಕುಂತಿದ್ದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈಯಲ್ಲಿದ್ದ ಸಿರಿಂಜು ಗಾಳಿಯಲ್ಲೇ ನಿಂತುಬಿಟ್ಟಿತು. ತೋಳು ಚಾಚಿ ಕೂತಿದ್ದ ಮುದುಕರು ಪಾಪ, ನರ ಸಿಗವಲ್ದೇನವ್ವಾ ಅಂತ ಕೇಳಿದರು. ಸಿಕ್ತು ತಾತ ಅಂದೆ. ರಕ್ತ ಎಳೆದೆ, ಹತ್ತಿ ಒತ್ತಿದೆ, ಹೆಸರು ಬರೆದೆ. ಆದರೆ ನಾನು ಅಲ್ಲಿ ಇರಲಿಲ್ಲ. ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿದ್ದೆ.

ಬಳ್ಳಾರಿಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು. ಇಪ್ಪತ್ನಾಲ್ಕು ವರ್ಷ ಆಯಿತು. ಹೆಸರು ಶಾಂತಾ, ಬಾಯಿ ಮಾತ್ರ ಜೋರು. ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ. ನಮ್ಮವರು ಬಸವರಾಜ, ರಾರಾವಿಯ ಕಡೆಯವರು, ಫಿಟ್ಟರ್ ಕೆಲಸ. ಆ ವರ್ಷ ಅವರು ಸಿರುಗುಪ್ಪದ ಆಚೆ ಒಂದು ತಗಡಿನ ಶೆಡ್ಡಿನಲ್ಲಿ ದುಡಿಯುತ್ತಿದ್ದರು. ಅಕ್ಕಿ ಮಿಲ್ಲುಗಳಿಗೆ ಬಾಯ್ಲರ್ ಮಾಡಿಕೊಡುವ ಶೆಡ್ಡು ಅದು, ಈಗ ಮುಚ್ಚಿದೆ. ಬೆಳಿಗ್ಗೆ ಆರರ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ.

ಅವರದೊಂದು ಚಾಳಿ ಇತ್ತು. ನೆಲದ ಮೇಲೆ ಏನು ಬಿದ್ದಿದ್ದರೂ ಬಿಡುತ್ತಿರಲಿಲ್ಲ. ನಟ್ಟು, ಬೋಲ್ಟು, ವಾಷರು, ತಂತಿಯ ತುಂಡು, ಎಲ್ಲಾ ಪ್ಯಾಂಟಿನ ಬಲಜೇಬಿಗೆ. ನಮ್ಮ ಮನೆಯ ಕಿಟಕಿಯ ಕಟ್ಟೆ ಮೇಲೆ ದೇವರ ಫೋಟೋಗಿಂತ ನಟ್ಟುಗಳೇ ಹೆಚ್ಚು. ಏನಿವು ಅಂತ ಕೇಳಿದರೆ ಒಂದಿನ ಬೇಕಾಗ್ತೈತಿ ಅನ್ನೋರು. ಆ ಒಂದಿನ ಹತ್ತು ವರ್ಷದಲ್ಲಿ ಬಂದಿರಲಿಲ್ಲ. ನಾನು ಬಟ್ಟೆ ನೆನೆಹಾಕುವ ಮುಂಚೆ ಜೇಬು ತಡಕಿ ಬೈಯುವುದು ರೂಢಿಯಾಗಿತ್ತು.

ಇನ್ನೊಂದು ಸಂಗತಿ ಹೇಳಬೇಕು, ಮುಚ್ಚಿಟ್ಟರೆ ಈ ಕಥೆ ನಿಲ್ಲುವುದಿಲ್ಲ. ಅವರು ಕುಡಿಯುತ್ತಿದ್ದರು. ಬೀದಿಯಲ್ಲಿ ಬೀಳುವಷ್ಟಲ್ಲ, ಆದರೆ ಮನೆಯ ನೆಮ್ಮದಿ ಕೆಡುವಷ್ಟು. ಹಿಂದಿನ ವರ್ಷದ ಶಿವರಾತ್ರಿಗೆ ನನ್ನ ತೌರುಮನೆ ಕುರುಗೋಡಿಗೆ ಕರೆದುಕೊಂಡು ಹೋಗಿ ಕಲ್ಲಿನ ನಂದಿ, ದೊಡ್ಡ ಬಸಪ್ಪನ ಮುಂದೆ ನಿಲ್ಲಿಸಿದ್ದೆ. ಆ ಕಲ್ಲಿನ ಮೇಲೆ ಕೈಯಿಟ್ಟು, ಇನ್ನು ಮುಟ್ಟಂಗಿಲ್ಲ ಅಂತ ಆಣೆ ಮಾಡಿದ್ದರು. ವರ್ಷದ ಮೇಲೆ ನಡೆಸಿಯೂ ಇದ್ದರು. ನಾನು ಮಾತ್ರ ಒಳಗೊಳಗೇ ಕಾಯುತ್ತಿದ್ದೆ, ಎಂದು ಮುರಿಯುತ್ತಾರೋ ಅಂತ. ನಂಬಿದ್ದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಯುಗಾದಿ ಆಗಿ ಒಂದು ವಾರ. ಬಳ್ಳಾರಿಯ ಬಿಸಿಲು ಗೊತ್ತಲ್ಲ, ಹತ್ತು ಗಂಟೆಗೇ ರಸ್ತೆಯಲ್ಲಿ ನಾಯಿ ಕಾಣುವುದಿಲ್ಲ. ಒಂದು ಮಂಗಳವಾರ ನಮ್ಮವರು ಮೂರೂವರೆಗೇ ಮನೆಗೆ ಬಂದರು. ಅವತ್ತು ನನಗೆ ಮಧ್ಯಾಹ್ನದ ಬಿಡುವಿತ್ತು. ಹೊಸ್ತಿಲು ದಾಟುವ ಮುಂಚೆಯೇ ಬಚ್ಚಲ ಮೋರಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡಿದರು. ಕಣ್ಣು ಕೆಂಪಗೆ, ಮುಖ ಕೆಂಪಗೆ, ನಡಿಗೆ ಓಲಾಡುತ್ತಿತ್ತು. ಶೆಡ್ಡಿನಲ್ಲೂ ಎರಡು ಸಲ ಆಗಿತ್ತಂತೆ, ಜೊತೆಯವರು ಬಸವರಾಜ ಮತ್ತೆ ಬಾಟ್ಲಿ ಹಿಡಿದ ಅಂತ ನಕ್ಕಿದ್ದರಂತೆ. ನನಗೆ ನಗು ಬರಲಿಲ್ಲ. ಚೊಂಬಿನಲ್ಲಿ ನೀರು ಕೊಟ್ಟು, ಬಸಪ್ಪನ ಕಲ್ಲು ಇನ್ನೂ ಬೆಚ್ಚಗಿತ್ತಲ್ಲ, ಅಷ್ಟರಾಗ ಮರೆತು ಹೋತೇನ್ರಿ ಅಂದೆ.

"ಕುಡದಿಲ್ಲ ಶಾಂತಾ," ಅಂದರು. "ಬೇಕಾರ ಬಾಯಿ ವಾಸನಿ ನೋಡು."

ನಾನು ಮುಖ ತಿರುಗಿಸಿಕೊಂಡೆ. ದಿನವಿಡೀ ಸ್ಪಿರಿಟ್ಟಿನ ವಾಸನೆಯಲ್ಲಿ ಬದುಕುವ ಹೆಂಗಸು ನಾನು, ಗಂಡನ ಬಾಯಿ ಮೂಸಿ ನೋಡಲು ಒಪ್ಪಲಿಲ್ಲ. ಒಂದು ಗೇಣು ಮುಂದೆ ಬಾಗಿದ್ದರೆ ಸಾಕಿತ್ತು. ಬಾಗಲಿಲ್ಲ. ಆ ಒಂದು ಗೇಣು ಇವತ್ತಿಗೂ ನನ್ನ ಎದೆಯಲ್ಲಿ ಹಾಗೇ ಇದೆ.

ಮರುದಿನ ಅವರಿಗೆ ಸುಸ್ತು. ಮೂರನೆಯ ದಿನ ಎದ್ದು ರೊಟ್ಟಿ ತಿಂದು ಕೆಲಸಕ್ಕೆ ಹೋದರು. ಬಲತೊಡೆಯಲ್ಲಿ ಒಂದಿಷ್ಟು ಕೆಂಪಾಗಿತ್ತಂತೆ, ಅದೂ ಹೋಯಿತಂತೆ. ನನಗೆ ಹೇಳಲಿಲ್ಲ, ಹೇಳುವುದಾದರೂ ಹೇಗೆ? ನಾನು ಮಾತು ಬಿಟ್ಟಿದ್ದೆ. ತಟ್ಟೆ ಇಡುತ್ತಿದ್ದೆ, ನೀರು ಇಡುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಅವರು ಚೆನ್ನಾಗಿ ಉಣ್ಣುವುದನ್ನು ಕಂಡು, ಇಳಿಯಿತು ನಿಶೆ ಅಂತ ಮನಸ್ಸಿನಲ್ಲೇ ಕುಟುಕಿದ್ದೆ. ಆಮೇಲೆ ಡಾಕ್ಟರು ತಿಳಿಸಿ ಹೇಳಿದರು, ಈ ಪೆಟ್ಟು ಬಿದ್ದವರಿಗೆ ನಡುವೆ ಹೀಗೊಂದು ಸುಖದ ವಾರ ಬರುತ್ತದಂತೆ. ಮೊದಲು ವಾಂತಿ, ಆಮೇಲೆ ಎಲ್ಲಾ ಸರಿಹೋದಂತೆ ಕಾಣುವುದು, ಒಳಗೆ ಎಲುಬಿನ ಮಜ್ಜೆಯಲ್ಲಿ ಹೊಸ ರಕ್ತ ಹುಟ್ಟುವುದು ನಿಂತಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಆ ವಾರವನ್ನು ನಾನು ಸಿಟ್ಟಿನಲ್ಲಿ ಕಳೆದೆ.

ಒಂಬತ್ತನೆಯ ದಿನ ಅವರೇ ಬಂದು ಪ್ಯಾಂಟು ಸರಿಸಿ ತೊಡೆ ತೋರಿಸಿದರು. ಅಂಗೈ ಅಗಲ ಕೆಂಪು, ಅದರ ನಡುವೆ ನೀರು ತುಂಬಿದ ಗುಳ್ಳೆ. ಮುಟ್ಟಿದರೆ ಉರಿ. ರಾರಾವಿಗೆ ಫೋನು ಹಚ್ಚಿದರೆ ಅತ್ತೆ ಕೇಳಿದ ಕೂಡಲೇ ಸರ್ಪ ಎದ್ದೈತಿ ಅಂದರು. ಪಕ್ಕದ ಮನೆಯವರೂ ಸರ್ಪ ಅಂದರು. ನಮ್ಮ ಕಡೆ ಮೈಮೇಲೆ ಗುಳ್ಳೆ ಸಾಲುಗಟ್ಟಿದರೆ ಸರ್ಪ, ಅದಕ್ಕೆ ಕೆಮ್ಮಣ್ಣಿನಲ್ಲಿ ಗೆರೆ ಬರೆಸಬೇಕು, ಇಲ್ಲದಿದ್ದರೆ ಸುತ್ತಿಕೊಂಡು ಬಂದು ತಲೆ ಬಾಲ ಕೂಡಿಬಿಡುತ್ತದೆ, ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಅನ್ನುತ್ತಾರೆ. ಲ್ಯಾಬಿನವಳಾಗಿ ನೀನೂ ನಂಬಿದೆಯಾ ಅಂತ ಕೇಳಬಹುದು. ನಂಬಿದೆ. ಚಿಕ್ಕಂದಿನಲ್ಲಿ ನನ್ನ ಬೆನ್ನಿಗೂ ಬರೆಸಿದ್ದರು, ವಾಸಿಯಾಗಿತ್ತು. ಗುಳ್ಳೆ ಕಂಡ ಮೇಲೆ ಸಿಟ್ಟನ್ನು ಆಚೆಗಿಟ್ಟು ಅವರನ್ನು ಕುರುಗೋಡಿಗೆ ಕರೆದುಕೊಂಡು ಹೋದೆ.

ಸರ್ಪ ಬರೆಯುವವರು ಈರಮ್ಮಜ್ಜಿ, ಕುಂಬಾರರ ಮನೆಯವರು, ನಮ್ಮಣ್ಣನ ಮನೆಯ ಹಿಂದಿನ ಓಣಿ. ಆಗಲೇ ಎಪ್ಪತ್ತರ ಮೇಲೆ. ಒಣಕಲು ಮೈ, ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ, ನೆಟ್ಟ ನೋಟ. ದುಡ್ಡು ಮುಟ್ಟುವವರಲ್ಲ, ಎರಡು ಎಲೆ, ಒಂದು ಅಡಿಕೆ, ಅಷ್ಟೇ. ಮೂರು ಬೆಳಗು ಖಾಲಿ ಹೊಟ್ಟೆಯಲ್ಲಿ ಬರಬೇಕು. ಮನೆಯಲ್ಲಿ ಒಗ್ಗರಣೆಯ ಹೊಗೆ ಏಳಬಾರದು. ಮೊದಲ ದಿನ ಕಲ್ಲಿನ ಮೇಲೆ ಕೆಮ್ಮಣ್ಣು ತೇಯ್ದು, ಬೇವಿನ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿ, ಗುಳ್ಳೆಗಳ ಸುತ್ತ ದಪ್ಪಗೆ ಗೆರೆ ಎಳೆದರು. ಕೈ ಒಂದಿಷ್ಟೂ ನಡುಗಲಿಲ್ಲ.

ಅವತ್ತು ನಮ್ಮವರು ಕಟ್ಟೆ ಹತ್ತಿ ಇಳಿಯುವುದಕ್ಕೇ ಏದುಸಿರು ಬಿಟ್ಟರು. ನನಗೆ ಯಾಕೋ ಕಸಿವಿಸಿಯಾಯಿತು. ಚೀಲದಲ್ಲಿ ಸಿರಿಂಜು ಇದ್ದೇ ಇರುತ್ತದೆ, ರಕ್ತ ಎಳೆದುಕೊಂಡೆ. ಮರುದಿನ ಗೆರೆ ಬರೆಸಿದ ಮೇಲೆ ಅವರನ್ನು ಅಣ್ಣನ ಮನೆಯಲ್ಲಿ ಬಿಟ್ಟು ಬಳ್ಳಾರಿಗೆ ಹೋಗಿ ಯಂತ್ರಕ್ಕೆ ಹಾಕಿದೆ. ಬಿಳಿ ರಕ್ತಕಣ ಇರಬೇಕಾದ್ದಕ್ಕಿಂತ ಬಹಳ ಕಡಿಮೆ. ಅದರಲ್ಲೂ ಲಿಂಫೋಸೈಟ್ ಅನ್ನುವ ಜಾತಿ ಕಾಲು ಭಾಗವೂ ಇಲ್ಲ. ರಕ್ತ ತೆಗೆದು ಒಂದು ದಿನ ಆಗಿದೆ, ಅದಕ್ಕೇ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ತೆಗೆದ ಕೂಡಲೇ ಅಲ್ಲೇ ಒಂದು ಗಾಜಿನ ತುಣುಕಿಗೆ ಹನಿ ಸವರಿ ಒಣಗಿಸಿಕೊಂಡಿದ್ದೆ. ಅದಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಕೆಂಪು ಕಣಗಳ ನಡುವೆ ಬಿಳಿಯವನ್ನು ಹುಡುಕುತ್ತಾ ಹೋದರೆ ಸಿಗಲೊಲ್ಲವು. ಯಂತ್ರ ಕೆಟ್ಟಿರಬೇಕು ಅಂತ ನನ್ನ ರಕ್ತವನ್ನೇ ಎಳೆದು ಹಾಕಿದೆ. ನನ್ನದು ಸರಿಯಾಗಿ ಬಂತು. ಆಗ ನನ್ನ ತಲೆಗೆ ಬಂದದ್ದು ಒಂದೇ, ರಕ್ತದ ಕ್ಯಾನ್ಸರು. ಔಷಧಿ ಡಬ್ಬಿ ಇಡುವ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಅತ್ತು ಮುಗಿಸಿ ಮುಖ ತೊಳೆದು ಕೊನೆಯ ಬಸ್ಸಿಗೆ ಕುರುಗೋಡು ಸೇರಿದೆ.

ಮೂರನೆಯ ಬೆಳಗು. ಈರಮ್ಮಜ್ಜಿ ಕೆಮ್ಮಣ್ಣು ತೇಯ್ದು ಇಟ್ಟುಕೊಂಡು ನಮ್ಮವರ ತೊಡೆ ನೋಡಿದರು. ಕುಂಚ ಎತ್ತಲಿಲ್ಲ. ಗಾಯ ಮೊನ್ನೆಯ ಗೆರೆಯನ್ನೂ ನಿನ್ನೆಯ ಗೆರೆಯನ್ನೂ ದಾಟಿ ಹೊರಗೆ ಬಂದಿತ್ತು. ಒಂದು ಕಡೆಗಲ್ಲ, ಸುತ್ತಲೂ ಒಂದೇ ಅಳತೆಗೆ. ನಡುವೆ ಚರ್ಮ ಬೂದಿಬಣ್ಣಕ್ಕೆ ತಿರುಗಿತ್ತು. ಅಜ್ಜಿ ಕೆಮ್ಮಣ್ಣಿನ ಕಲ್ಲು ಪಕ್ಕಕ್ಕೆ ಸರಿಸಿ, ಗುಳ್ಳಿ ಏಳೋಕಿಂತ ಮುಂಚೆ ಚುಚ್ಚಿ ಉರೀತೇನಪ್ಪಾ ಅಂತ ಕೇಳಿದರು. ಇಲ್ಲ ಅಂದರು ನಮ್ಮವರು.

"ಹಂಗಾರ ಇದು ಸರ್ಪ ಅಲ್ಲ," ಅಂದರು ಅಜ್ಜಿ. "ಸರ್ಪ ಅಂದ್ರ ಹರೀತೈತಿ. ಇದು ಕುಂತಲ್ಲೇ ಕುಂತು ಸುಡಾಕ ಹತ್ತೈತಿ. ನಿನ್ನ ಜೇಬಿನಾಗ ಏನಿತ್ತಪ್ಪಾ?"

ಅಜ್ಜಿ ತಮ್ಮ ಸೊಂಟದ ಸೆರಗು ಸರಿಸಿ ಒಂದು ಹಳೆಯ ಕಲೆ ತೋರಿಸಿದರು. ಹರೆಯದಲ್ಲಿ ಸಂಚಿಯೊಳಗಿನ ಸುಣ್ಣದ ಡಬ್ಬಿ ಸೋರಿ, ಬೆವರಿಗೆ ಕೂಡಿ, ಗೊತ್ತಿಲ್ಲದಂಗ ಸುಟ್ಟಿತ್ತಂತೆ. ಅದಕ್ಕೂ ಅವರ ಅವ್ವ ಸರ್ಪ ಅಂತ ಮೂರು ದಿನ ಗೆರೆ ಬರೆದಿದ್ದರಂತೆ. ಅಜ್ಜಿಗೆ ಗೊತ್ತಿದ್ದದ್ದು ಸುಣ್ಣ. ಆದರೆ ಅವರು ಕೇಳಿದ ಪ್ರಶ್ನೆಯನ್ನು ಓದಿದ ನಾನು ಕೇಳಿರಲಿಲ್ಲ.

ನಮ್ಮವರು ಕಣ್ಣು ಮುಚ್ಚಿ ನೆನೆಸಿಕೊಂಡರು. ಆ ಮಂಗಳವಾರ ಶೆಡ್ಡಿಗೆ ಎಕ್ಸ್‌ರೇದವರು ಜೀಪಿನಲ್ಲಿ ಬಂದಿದ್ದರು. ಬಾಯ್ಲರಿನ ಬೆಸುಗೆಯಲ್ಲಿ ಬಿರುಕಿದೆಯೋ ಅಂತ ಫೋಟೋ ಹಿಡಿಯುವವರು. ಆಗೆಲ್ಲ ಎಲ್ಲರನ್ನೂ ದೂರದ ಬೇವಿನ ಮರದ ಹತ್ತಿರ ಕಳಿಸಿ, ಫೋಟೋ ಮುಗಿದ ಮೇಲೆ ಬರ್ರಿ ಅನ್ನುತ್ತಿದ್ದರು. ವಾಪಸ್ಸು ಬಂದಾಗ ಬಾಯ್ಲರಿನ ಬುಡದಲ್ಲಿ ಒಂದು ಸಾಮಾನು ಬಿದ್ದಿತ್ತು. ಬೆರಳುದ್ದದ ಕೇಬಲ್ಲು, ತುದಿಯಲ್ಲಿ ಹೊಳೆಯುವ ಸಣ್ಣ ಲೋಹದ ಗುಂಡು. ಎತ್ತಿ ಬಲಜೇಬಿಗೆ ಹಾಕಿಕೊಂಡರು. ಒಂದೂವರೆಗೆ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತಾಗ ಚುಚ್ಚಿತು ಅಂತ ತೆಗೆದು ಬೋಲ್ಟಿನ ಡಬ್ಬಿಗೆ ಹಾಕಿದರು. ಬುತ್ತಿ ಬಿಚ್ಚಿ ಎರಡು ತುತ್ತು ಉಂಡದ್ದೇ ವಾಂತಿ ಶುರುವಾಯಿತು.

ನನ್ನ ತಲೆಯಲ್ಲಿ ಎಕ್ಸ್‌ರೇ ಕೋಣೆಯ ಬಾಗಿಲಿನ ಆ ಹಳದಿ ಚಿಹ್ನೆ ಎದ್ದು ನಿಂತಿತು. ವಿಕಿರಣ ಇದೆ, ಹುಷಾರು ಅನ್ನುವ ಮೂರು ರೆಕ್ಕೆಯ ಫ್ಯಾನಿನಂಥ ಚಿಹ್ನೆ, ಇಪ್ಪತ್ತು ವರ್ಷ ದಿನಾ ಅದರ ಮುಂದೆ ಓಡಾಡಿದ್ದೇನೆ. ಜೇಬಿನಲ್ಲಿದ್ದದ್ದು ಆ ಫೋಟೋದ ಕಿರಣ ಸೂಸುವ ಗುಂಡು, ತೊಡೆಯ ಗಾಯ, ರಕ್ತದ ಎಣಿಕೆ, ಮೂರೂವರೆಯ ವಾಂತಿ, ಮೂರೂ ಅದರದೇ ಪೆಟ್ಟು ಅಂತ ಅರ್ಥವಾಯಿತು. ಆಗ ನಾನು ಅಳಲಿಲ್ಲ. ಅಣ್ಣನ ಬೈಕು ಇಸಿದುಕೊಂಡು, ಅವರನ್ನು ಹಿಂದೆ ಕೂರಿಸಿಕೊಂಡು, ನೇರವಾಗಿ ಬಳ್ಳಾರಿಗೆ ಹೊಡೆದೆ.

ನಮ್ಮ ಲ್ಯಾಬಿನ ಪಕ್ಕದ ಆಸ್ಪತ್ರೆಯ ಡಾಕ್ಟರು ನನ್ನ ಮಾತನ್ನು ಅರ್ಧಕ್ಕೆ ತಡೆಯದೆ ಕೇಳಿದರು. ಗಾಯ ನೋಡಿದರು, ನನ್ನ ಗಾಜಿನ ತುಣುಕನ್ನು ತಾವೇ ನೋಡಿದರು, ಎರಡು ಮೂರು ಕಡೆ ಫೋನು ಮಾಡಿದರು. ಆಮೇಲೆ ನಮ್ಮವರ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಅದು ಜೇಬಿನಲ್ಲಿ ಎಷ್ಟು ಹೊತ್ತು ಇತ್ತು, ಎಷ್ಟು ಹೊತ್ತಿನ ಮೇಲೆ ಮೊದಲ ವಾಂತಿ ಆಯಿತು ಅಂತ ಕೇಳಿದರು. ವಾಂತಿ ಎಷ್ಟು ಬೇಗ ಬಂದರೆ ಪೆಟ್ಟು ಅಷ್ಟು ದೊಡ್ಡದು. ಹೊತ್ತಿನ ಲೆಕ್ಕ ಸಿಕ್ಕರೆ ಮಜ್ಜೆ ಎಷ್ಟು ಸತ್ತಿದೆ, ತೊಡೆಯ ಮಾಂಸ ಎಷ್ಟು ಆಳಕ್ಕೆ ಹೋಗಿದೆ, ಕಾಲು ಉಳಿಯುತ್ತದೋ ಇಲ್ಲವೋ ಅಂತ ಮುಂದಿನ ಆಸ್ಪತ್ರೆಯವರು ಅಂದಾಜು ಮಾಡಬಹುದು. ವಾಂತಿಯ ಹೊತ್ತು ನಮ್ಮವರಿಗೆ ನೆನಪಿತ್ತು, ಮಧ್ಯಾಹ್ನ ಎರಡಕ್ಕೆ ಸ್ವಲ್ಪ ಮುಂಚೆ. ಎತ್ತಿಕೊಂಡ ಹೊತ್ತು ಮಾತ್ರ ನೆನಪಿರಲಿಲ್ಲ. ಒಂಬತ್ತಕ್ಕೆ ಒಂದು ಫೋಟೋ ಹಿಡಿದಿದ್ದರು, ಚಹಾ ಆದ ಮೇಲೆ ಇನ್ನೊಂದು. ಎರಡರಲ್ಲಿ ಯಾವುದಾದ ಮೇಲೆ ಎತ್ತಿಕೊಂಡದ್ದು ಅಂತ ಎಷ್ಟು ತಡಕಾಡಿದರೂ ಹೊಳೆಯಲಿಲ್ಲ.

ಅವತ್ತು ಅವರನ್ನು ಅಲ್ಲೇ ಒಂಟಿ ಕೋಣೆಗೆ ಸೇರಿಸಿದರು. ಡಾಕ್ಟರು ಹೊರಗೆ ಬಂದು, ಎತ್ತಿಕೊಂಡ ಹೊತ್ತು ಗೊತ್ತಾಗಿದ್ದರೆ ಒಳ್ಳೆಯದಿತ್ತು ಶಾಂತಮ್ಮಾ ಅಂದರು. ತಿಳಕೊಂಡು ಬರ್ತೀನಿ ಅಂದೆ.

ಬೆಳಿಗ್ಗೆ ಆರರ ಬಸ್ಸು, ಅವರು ದಿನಾ ಹತ್ತುತ್ತಿದ್ದ ಬಸ್ಸು. ಭತ್ತದ ಸುಗ್ಗಿ, ಸಿರುಗುಪ್ಪದ ಹತ್ತಿರ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಬಸ್ಸು ಆಮೆ ಹಂಗ ಹೋಗುತ್ತಿತ್ತು, ನನಗೆ ಇಳಿದು ಓಡೋಣ ಅನ್ನಿಸುತ್ತಿತ್ತು. ಶೆಡ್ಡು ಮುಟ್ಟಿದಾಗ ಮೇಸ್ತ್ರಿ ನಾಗಿರೆಡ್ಡಿ ಬೀಗ ತೆಗೆಯುತ್ತಿದ್ದರು. ಕೆಲಸದವರ ಮೇಲುಸ್ತುವಾರಿ ಅವರದೇ. ಅದೇನಮ್ಮಾ ಸಾಮಾನು, ನಮಗೇನೂ ಗೊತ್ತಿಲ್ಲ, ಅವತ್ತು ಏನೂ ಆಗಿಲ್ಲ ಅಂದರು. ಒಂದೇ ಉಸುರಿಗೆ ಅಂದರು, ಕಲಿಸಿಕೊಟ್ಟ ಮಾತು ಅಂತ ಗೊತ್ತಾಯಿತು. ನಾನು ನಮ್ಮವರು ಕೆಲಸ ಮಾಡುತ್ತಿದ್ದ ಬೆಂಚಿನ ಮೇಲೆ ಹೋಗಿ ಕೂತೆ.

ಹೇಳುವವರೆಗೆ ಏಳುವುದಿಲ್ಲ ಅಂದೆ. ಕೆಲಸದವರು ಬಂದರು, ನೋಡಿದರು, ದೂರ ಸರಿದರು. ತಗಡು ಕಾಯತೊಡಗಿತು, ಬೆನ್ನಲ್ಲಿ ಬೆವರು ಹರಿಯಿತು. ನಾಗಿರೆಡ್ಡಿ ಎರಡು ಸಲ ಚಹಾ ಕಳಿಸಿದರು, ಎರಡನ್ನೂ ಕುಡಿದೆ, ಏಳಲಿಲ್ಲ. ಹನ್ನೊಂದರ ಹೊತ್ತಿಗೆ ಅವರೇ ಬಂದು ಎದುರಿಗೆ ನಿಂತು, ಏಂ ಚೇಸೇದಮ್ಮಾ, ಏನು ಮಾಡ್ಲಿ, ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಅರ್ಧ ತೆಲುಗಿನಲ್ಲಿ ಗೊಣಗಿದರು.

"ನಾ ಪೊಲೀಸರನ್ನ ಕರ್ಕೊಂಡು ಬಂದಿಲ್ಲ, ರೊಕ್ಕ ಕೇಳಾಕೂ ಬಂದಿಲ್ಲ," ಅಂದೆ. "ಆ ಸಾಮಾನು ಬಿದ್ದಿದ್ದು ಎಷ್ಟೊತ್ತಿಗೆ, ಅಷ್ಟ ಹೇಳ್ರಿ. ನನ್ನ ಗಂಡನ ಕಾಲು ಅದರ ಮ್ಯಾಲೆ ನಿಂತೈತಿ."

ನಾಗಿರೆಡ್ಡಿ ತಮ್ಮ ಬಲಗೈಯ ಕೈಗವಸು ಕಳಚಿದರು. ಮೂರು ಬೆರಳ ತುದಿ ಕೆಂಪಗೆ ಊದಿ ಸಿಪ್ಪೆ ಏಳುತ್ತಿತ್ತು. ಆಮೇಲೆ ಎಲ್ಲಾ ಹೇಳಿದರು. ಚಹಾ ಆದ ಮೇಲಿನ ಫೋಟೋ ಸರಿಯಾಗಿ ಬಂದಿದೆ, ಅಂದರೆ ಆಗ ಗುಂಡು ಅದರ ಜಾಗದಲ್ಲೇ ಇತ್ತು. ಕಳಚಿ ಬಿದ್ದದ್ದು ಅದರ ನಂತರ, ಹನ್ನೊಂದೂವರೆಗೆ. ಮಧ್ಯಾಹ್ನ ಮೂರಕ್ಕೆ ಎಕ್ಸ್‌ರೇದವರು ಮುಖ ಬಿಳುಚಿಕೊಂಡು ಓಡಿ ಬಂದು, ಟಿಕ್‌ಟಿಕ್ ಅನ್ನುವ ಯಂತ್ರ ಹಿಡಿದು ಹುಡುಕಿದರಂತೆ. ಬೋಲ್ಟಿನ ಡಬ್ಬಿಯ ಹತ್ತಿರ ಅದು ಕಿರುಚಿತಂತೆ. ಅವರು ತಡೆಯುವ ಮುಂಚೆಯೇ ನಾಗಿರೆಡ್ಡಿ ಕೈ ಹಾಕಿ, ಇದೇನ್ರಿ ಅಂತ ಎತ್ತಿ ಹಿಡಿದಿದ್ದರಂತೆ. ಯಾರಿಗೂ ಹೇಳಬ್ಯಾಡ್ರಿ, ಏನೂ ಆಗಂಗಿಲ್ಲ ಅಂತ ಹೇಳಿ ತಗೊಂಡು ಹೋದವರು ಮತ್ತೆ ಬಂದಿರಲಿಲ್ಲ.

ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೆದರಿ ಹೆದರಿ ಕೈಗವಸಿನಲ್ಲಿ ಬೆರಳು ಮುಚ್ಚಿಕೊಂಡು ಹತ್ತು ಹನ್ನೆರಡು ದಿನ ಕಳೆದಿದ್ದರು. ತೋಳು ಚಾಚ್ರಿ ಅಂದೆ. ಅದೇ ಬೆಂಚಿನ ಮೇಲೆ ಅವರನ್ನು ಕೂರಿಸಿ ರಕ್ತ ಎಳೆದೆ. ಸಂಜೆ ನೋಡಿದರೆ ಅವರ ಎಣಿಕೆ ಸರಿಯಾಗಿಯೇ ಇತ್ತು. ಬೆರಳಿನ ಚರ್ಮ ಮಾತ್ರ ಹೋಯಿತು, ಆಮೇಲೆ ಬಂತು.

ಹನ್ನೊಂದೂವರೆಯಿಂದ ಒಂದೂವರೆ. ಎರಡು ಗಂಟೆ. ನಾನು ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡುತ್ತಾ ಬಂದೆ.

ಎರಡು ದಿನದಲ್ಲಿ ಸರ್ಕಾರದ ಕಡೆಯಿಂದ ತಿಳಿದವರು ಬಂದರು, ಎಲ್ಲಾ ಬರೆದುಕೊಂಡರು, ನಮ್ಮವರನ್ನು ದೂರದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ತಪ್ಪು ಯಾರದು, ಯಾರಿಗೆ ಏನು ಶಿಕ್ಷೆ ಅನ್ನುವುದೆಲ್ಲ ಆಮೇಲೆ ನಡೆಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಬಟ್ಟೆ ತರಲು ಒಮ್ಮೆ ಮನೆಗೆ ಬಂದಾಗ ಮಾಲಕಿ ಗೇಟಿನಲ್ಲೇ ತಡೆದು, ಅವರ ಬಟ್ಟೆ ಬರೆ ಸುಟ್ಟುಬಿಡಮ್ಮಾ, ಆ ಕಿರಣ ನಮಗೂ ಅಂಟಿದರ ಅಂದರು. ಅಂಟುವುದಿಲ್ಲ. ಬಿಸಿಲು ಬಡಿದವನನ್ನು ಮುಟ್ಟಿದರೆ ನಮಗೆ ಬಿಸಿಲು ಬಡಿಯುತ್ತದೇನು? ಆ ಗುಂಡು ಹೋದ ಮೇಲೆ ಅವರ ಮೈಯಲ್ಲೂ ಇಲ್ಲ, ಬಟ್ಟೆಯಲ್ಲೂ ಇಲ್ಲ. ಬಾಯಿಮಾತಿನಲ್ಲಿ ಹೇಳಿದರೆ ನಂಬುವವರಲ್ಲ ಅಂತ ಅವರ ಅಂಗಿಗಳನ್ನೆಲ್ಲ ಒಗೆದು, ಅದರಲ್ಲೊಂದನ್ನು ನನ್ನ ಸೀರೆಯ ಮೇಲೆ ತೊಟ್ಟುಕೊಂಡು, ಓಣಿಗೆಲ್ಲ ಕಾಣುವಂತೆ ಉಳಿದವನ್ನು ಹಗ್ಗಕ್ಕೆ ಹರವಿದೆ.

ದೊಡ್ಡ ಆಸ್ಪತ್ರೆಯಲ್ಲಿ ಅವರನ್ನು ಗಾಜಿನ ಕೋಣೆಯಲ್ಲಿ ಇಟ್ಟರು. ರೋಗ ತಡೆಯುವ ಕಣಗಳೇ ಇಲ್ಲದ ಮೈ, ಒಂದು ಸೀನೂ ಕೊಲ್ಲಬಹುದು ಅಂದರು. ಮೂರನೆಯ ವಾರಕ್ಕೆ ತೊಡೆಯ ಸುತ್ತಲಿನ ಕೂದಲು ಉದುರಿತು. ಬಾಯಿ ತುಂಬ ಹುಣ್ಣು, ಗಂಜಿ ಇಳಿಯುತ್ತಿರಲಿಲ್ಲ. ಬಾಯಿ ಮುಕ್ಕಳಿಸಿದರೆ ನೀರು ಕೆಂಪಾಗುತ್ತಿತ್ತು, ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಇಳಿದಿದ್ದವು. ನಾಲ್ಕನೆಯ ವಾರ ಜ್ವರ ಬಂತು. ಮಜ್ಜೆಯನ್ನು ಎಬ್ಬಿಸುವ ಚುಚ್ಚುಮದ್ದು ದಿನಾ ಕೊಡುತ್ತಿದ್ದರು. ತೊಡೆ ಕಪ್ಪಾಗಿತ್ತು. ಆ ನೋವಿಗೆ ಯಾವ ಔಷಧಿಯೂ ಸಾಕಾಗುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದರು.

ಶಸ್ತ್ರಚಿಕಿತ್ಸೆಯ ಡಾಕ್ಟರುಗಳು ನನ್ನನ್ನು ಕೂರಿಸಿಕೊಂಡು ಎರಡು ದಾರಿ ಹೇಳಿದರು. ಸೊಂಟದ ಸಂದಿನಿಂದ ಕಾಲು ತೆಗೆಯುವುದು ಒಂದು. ಸತ್ತ ಮಾಂಸವನ್ನಷ್ಟೇ ಕೆತ್ತಿ ಬೇರೆ ಕಡೆಯ ಚರ್ಮ ಹೊದಿಸುವುದು ಇನ್ನೊಂದು. ಜೇಬಿನಲ್ಲಿ ನಾಲ್ಕೂವರೆ ಗಂಟೆ ಇದ್ದಿದ್ದರೆ ಎರಡನೆಯ ಮಾತೇ ಎತ್ತುತ್ತಿರಲಿಲ್ಲವಂತೆ. ಎರಡು ಗಂಟೆ ಅನ್ನುವುದಕ್ಕೆ ಅವರ ರಕ್ತದ ಇನ್ನೊಂದು ಪರೀಕ್ಷೆಯೂ ತಾಳೆಯಾಗಿತ್ತು. ಕಣಗಳ ಒಳಗಿನ ವರ್ಣತಂತುಗಳು ಒಡೆದ ಬಳೆ ಚೂರಿನ ಹಾಗೆ ಮುರಿದು ತಪ್ಪಾಗಿ ಅಂಟಿಕೊಂಡಿರುತ್ತವೆ, ಅವನ್ನು ಎಣಿಸಿ ಪೆಟ್ಟು ಎಷ್ಟು ಅಂತ ಹೇಳುತ್ತಾರೆ. ಕಾಲು ಉಳಿಸಾಕ ನೋಡ್ರಿ ಅಂದೆ. ನಮ್ಮವರನ್ನು ಕೇಳಿದರು. ಆಕಿ ಹೇಳಿದಂಗ ಮಾಡ್ರಿ ಅಂದರಂತೆ. ರಕ್ತದ ಎಣಿಕೆ ಏರಿದ ಮೇಲೆ ಮೂರು ಸಲ ಕೆತ್ತಿದರು, ಎರಡು ಸಲ ಚರ್ಮ ಹೊದಿಸಿದರು. ಮೊದಲ ಹೊದಿಕೆ ನಿಲ್ಲಲಿಲ್ಲ, ಎರಡನೆಯದು ಹಿಡಿಯಿತು.

ಅವರು ಗಾಜಿನ ಕೋಣೆಯಲ್ಲಿ ಇದ್ದಷ್ಟೂ ದಿನ ನನಗೆ ಅದರ ಆಚೆಯೇ ಜಾಗ. ಬೆಳಿಗ್ಗೆ ಹತ್ತಕ್ಕೆ ನರ್ಸಮ್ಮ ಅವತ್ತಿನ ಎಣಿಕೆಯ ಚೀಟಿಯನ್ನು ಗಾಜಿಗೆ ಒತ್ತಿ ಹಿಡಿಯುತ್ತಿದ್ದರು. ನಾನು ಇಪ್ಪತ್ತು ವರ್ಷ ಬೇರೆಯವರಿಗೆ ಕೊಟ್ಟ ಚೀಟಿ ಅದು. ಅದನ್ನು ತೆಗೆದುಕೊಳ್ಳುವವರ ಪಾಡು ಏನು ಅಂತ ಆಗ ತಿಳಿಯಿತು. ಇಳಿಯಿತು, ಇಳಿಯಿತು, ಒಂದು ವಾರ ತಳದಲ್ಲೇ ಕೂತಿತು. ನಾನು ಜಗ್ಗಲಿಲ್ಲ. ಏಳ್ರಿ, ಮಜ್ಜೆ ಏಳಲಿ, ನೀವೂ ಏಳ್ರಿ ಅಂತ ಗಾಜಿಗೆ ಬಾಯಿ ಹಚ್ಚಿ ಜಗಳ ಆಡುತ್ತಿದ್ದೆ. ಒಂದು ಗುರುವಾರ ಚೀಟಿಯಲ್ಲಿ ಬಿಳಿ ಕಣ ಒಂದಿಷ್ಟು ಮೇಲೆ ಬಂದಿತ್ತು. ಮರುದಿನ ಇನ್ನೊಂದಿಷ್ಟು.

ಬಳ್ಳಾರಿಯಲ್ಲಿ ಮೊದಲ ಮಳೆ ಬಿತ್ತು ಅಂತ ಅಣ್ಣ ಫೋನು ಮಾಡಿದ ದಿನವೇ ನನ್ನನ್ನು ಒಳಗೆ ಬಿಟ್ಟರು. ಕೈ ತೊಳೆಸಿ, ಗೌನು ತೊಡಿಸಿ, ಮಾಸ್ಕು ಕಟ್ಟಿದರು. ಅವರು ಅರ್ಧಕ್ಕೆ ಅರ್ಧ ಆಗಿದ್ದರು. ತಪ್ಪಾತ್ರಿ ನಂದು, ಅವತ್ತು ನಿಮ್ಮನ್ನ ನಂಬಲಿಲ್ಲ ಅಂತ ಹೇಳಬೇಕು ಅಂತ ಎರಡು ತಿಂಗಳಿಂದ ಮಾತು ಜೋಡಿಸಿ ಇಟ್ಟಿದ್ದೆ. ನಾನು ಶುರುಮಾಡುವ ಮುಂಚೆ ಅವರೇ ಒಣತುಟಿ ತೆರೆದರು.

"ಆಣಿ ಮುರದಿಲ್ಲ ಶಾಂತಾ. ಈಗಾರ ವಾಸನಿ ನೋಡು."

ನರ್ಸಮ್ಮನ ಕಡೆ ನೋಡಿದೆ. ಮಾಸ್ಕು ತೆಗೆಯಬೇಡಿ ಅಂತ ಕೈ ಆಡಿಸಿದರು. ಮಾಸ್ಕು ಕಟ್ಟಿಕೊಂಡೇ ಬಾಗಿದೆ, ಅವರ ಬಾಯಿಯ ಹತ್ತಿರ, ಬಿಟ್ಟುಹೋಗಿದ್ದ ಆ ಒಂದು ಗೇಣು. ಔಷಧಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಈಗ ಅವರ ಬಲತೊಡೆಯಲ್ಲಿ ಒಂದು ಬಟ್ಟಲು ಹಿಡಿಸುವಷ್ಟು ತಗ್ಗು. ಮೊಣಕಾಲು ಪೂರ್ತಿ ಮಡಚುವುದಿಲ್ಲ, ಚಕ್ಕಳಮಕ್ಕಳ ಹಾಕಲು ಆಗುವುದಿಲ್ಲ. ವರ್ಷಕ್ಕೆ ಎರಡು ಸಲ ತಪಾಸಣೆ, ಮುಂದೆ ಏನಾದರೂ ಆಗಬಹುದು ಅಂತ ಹೇಳಿದ್ದಾರೆ, ಆಗದೆಯೂ ಇರಬಹುದು. ಮಿಕ್ಸಿ, ಫ್ಯಾನು ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದಾರೆ. ಅವರ ಪ್ಯಾಂಟುಗಳ ಬಲಜೇಬನ್ನೆಲ್ಲ ನಾನು ಹೊಲಿದು ಮುಚ್ಚಿದ್ದೇನೆ. ನೆಲದ ಮೇಲೆ ನಟ್ಟು ಕಂಡರೆ ಇವತ್ತಿಗೂ ಬಾಗುತ್ತಾರೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಹೊಲಿಗೆ ತಾಕಿ ನಿಲ್ಲುತ್ತದೆ.

ಶಿಬಿರ ಮುಗಿದ ಮೇಲೆ ಆ ದಿನ ನಮ್ಮವರ ಜೊತೆ ಈರಮ್ಮಜ್ಜಿಯ ಓಣಿಗೆ ಹೋದೆ. ಕಣ್ಣು ಮಂಜಾಗಿದೆ, ಆದರೂ ಕಟ್ಟೆಯ ಮೇಲೆ ಕಲ್ಲು, ಕೆಮ್ಮಣ್ಣು, ಬೇವಿನ ಕಡ್ಡಿ ಹಾಗೇ ಇವೆ. ಬೆನ್ನಿನ ಗುಳ್ಳೆ ತೋರಿಸಲು ಬಂದಿದ್ದ ಒಬ್ಬ ಹೆಂಗಸಿಗೆ, ಏನು ಕೆಲಸ ಮಾಡ್ತೀಯವ್ವಾ, ಎಲ್ಲಿ ಒರಗಿ ಕುಂದರ್ತೀಯಾ, ಬೆನ್ನಿಗೆ ಏನು ಹೊರ್ತೀಯಾ ಅಂತ ಒಂದೊಂದಾಗಿ ವಿಚಾರಿಸುತ್ತಿದ್ದರು. ಎಲ್ಲಾ ಕೇಳಿದ ಮೇಲೆ, ಮೊದಲು ದವಾಖಾನಿಗೆ ತೋರಿಸಿ ಬಾ, ಆಮೇಲೆ ಬರೀತೀನಿ ಅಂದರು. ಗೆರೆ ಎಳೆಯುವ ಮುಂಚೆ ಈಗ ಎಲ್ಲರಿಗೂ ಇದೇ ವಿಚಾರಣೆಯಂತೆ.

ನಮ್ಮವರು ಓಣಿಯ ತುದಿಯಲ್ಲಿ ಬೈಕಿಗೆ ಒರಗಿ ನಿಂತಿದ್ದರು. ಬೈಕು ಓಡಿಸುವುದು ನಾನೇ, ಅವರು ಕಾಲು ಚಾಚಿ ಹಿಂದೆ ಕೂರುತ್ತಾರೆ. ಅಜ್ಜಿ ಕೊಟ್ಟ ಎಲೆ ಅಡಿಕೆಯನ್ನು ಬಾಯಿ ತುಂಬ ಹಾಕಿಕೊಂಡಿದ್ದರು. ನಾನು ಹತ್ತಿರ ಹೋದದ್ದೇ ನಗುತ್ತಾ, ಇವತ್ತು ಬ್ಯಾಡ, ಸುಣ್ಣದ ಘಾಟು ಐತಿ ಅಂದರು. ಕಟ್ಟೆಯ ಮೇಲಿಂದ ಅಜ್ಜಿ ನೋಡುತ್ತಿದ್ದರು, ಓಣಿಯ ಹೆಂಗಸರೂ ನೋಡುತ್ತಿದ್ದರು. ನೋಡಲಿ ಅಂತ ಅವರ ಅಂಗಿಯ ಕೊರಳು ಹಿಡಿದು ಬಾಗಿಸಿಕೊಂಡು ಬಾಯಿ ಮೂಸಿದೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ, ಅವತ್ತೂ ತಪ್ಪಿಸಲಿಲ್ಲ.